ಹತ್ತೊಂಬತ್ತನೆಯವಳ ಎಡಗಾಲು

ಕ್ರಾಕುಫ್, ಮಂಗಳವಾರ

ಅಜ್ಜಾ,

ಕೈಗೂ ಪಿಟೀಲಿಗೂ ಏನೂ ಆಗಿಲ್ಲ, ಮೊದಲು ಅದನ್ನು ತಿಳಿದುಕೋ. ಸ್ಪರ್ಧೆಯ ಮೊದಲ ಸುತ್ತು ಇಂದು ಮುಗಿಯಿತು. ತೀರ್ಪುಗಾರರಿಗೂ ನಮಗೂ ನಡುವೆ ಕಪ್ಪು ಪರದೆ. ಹೆಸರಿಲ್ಲ, ದೇಶವಿಲ್ಲ, ನಾನು ಬರೀ ಹತ್ತೊಂಬತ್ತು. ನಡಿಗೆಯ ಸದ್ದಿನಿಂದ ಹುಡುಗನೋ ಹುಡುಗಿಯೋ ತಿಳಿಯಬಾರದೆಂದು ಬೂಟನ್ನೂ ಬಿಚ್ಚಿಸಿದರು. ಜಪಾನಿನವನು, ಕೆನಡಾದವಳು, ಎಲ್ಲರೂ ಕಾಲುಚೀಲದಲ್ಲೇ ಸಾಲಾಗಿ ನಿಂತಿದ್ದೆವು.

ನುಡಿಸುತ್ತ ಮೈಮರೆತೆ. ಕೊನೆಗೆ, ಮದುವೆಮನೆಗಳಲ್ಲಿ ಪಿಟೀಲು ನುಡಿಸುತ್ತ ನೀನು ಹಾಕುವಂತೆಯೇ, ಎಡಗಾಲಿನಿಂದ ಧಪ್ಪೆಂದು ತಾಳ ಹಾಕಿಬಿಟ್ಟೆ. ಸಂಗೀತಶಾಲೆಯ ನಮ್ಮ ಮೇಡಂ ಎರಡು ವರ್ಷ ಬೈದು ಬಿಡಿಸಿದ್ದ ಚಟ! ಪರದೆಯಾಚೆ ವಯಸ್ಸಾದ ಹೆಂಗಸೊಬ್ಬರು ನಕ್ಕು, "ಹತ್ತೊಂಬತ್ತು, ನಿಂಗೆ ಪಿಟೀಲು ಹಿಡ್ಯೋದು ಕಲಿಸಿದ್ಯಾರು?" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ, ಪಕ್ಕದಲ್ಲಿದ್ದ ಮೇಲ್ವಿಚಾರಕಿ ಹಲೀನಾ ತೋಳು ಚಿವುಟಿ, "ಉಸಿರೆತ್ತಿದ್ರೆ ಸೀದಾ ಊರಿಗೇ, ನೋಡು!" ಎಂದು ಪಿಸುಗುಟ್ಟಿದಳು. ದನಿ ಕೇಳಿಸಿದರೆ ಸ್ಪರ್ಧೆಯಿಂದಲೇ ಹೊರಗೆ. ಬಾಯಿ ಮುಚ್ಚಿಕೊಂಡು ಬಂದೆ.

ಫಲಿತಾಂಶ ನಾಳೆ. ಕಾಲುಚೀಲ ಹೆಬ್ಬೆರಳಿನ ಹತ್ತಿರ ತೂತಾಗಿದೆ, ಉಣ್ಣೆಯದೊಂದು ಜೊತೆ ಕಳಿಸು. ಆ ಹೆಂಗಸಿಗೆ ಕೊಡಲಾಗದ ಉತ್ತರವನ್ನು ಈ ಕಾರ್ಡಿನ ವಿಳಾಸದ ಮೊದಲ ಸಾಲಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ಅಂಚೆಯವನಾದರೂ ಓದಲಿ.

ನಿನ್ನ ಯಾಗೋದಾ