ಹೆಣ್ಣುಮಕ್ಕಳ ಪಾಲಿನ ಮರಳು

ಉಪ್ಪುಕೆರೆಯ ದಂಡೆ, ಸಾರ್ಡೀನಿಯಾ
9 ಸೆಪ್ಟೆಂಬರ್ 1964

ತಮ್ಮ ಬಾಕಿಸ್‌ಗೆ,

ಕ್ಷೇಮವೇ? ತೊರಿನೊದ ಕಾರ್ಖಾನೆ ಹೊಗೆಯಲ್ಲಿ ನಿನ್ನ ಕೆಮ್ಮು ಹೇಗಿದೆ ಎಂದು ಕೇಳಬೇಕು, ಕೇಳಿದ್ದೇನೆ. ನನ್ನ ಮಂಡಿನೋವು ಹಾಗೇ ಇದೆ. ಒಂಬತ್ತು ವರ್ಷದ ಮೇಲೆ ಮಗನ ಕಾಗದ ಬಂತೆಂದು ಅಮ್ಮ ನನ್ನಿಂದ ಎರಡು ಸಲ ಓದಿಸಿಕೊಂಡಳು. ಅವಳಿಗೆ ಕಣ್ಣು ಪೂರ್ತಿ ಹೋಗಿ ಒಂದು ವರ್ಷವಾಯಿತು. ನೀನು ಕೇಳಿರಲಿಲ್ಲ, ನಾನೇ ಹೇಳುತ್ತಿದ್ದೇನೆ.

ಜೊತೆಗೆ ಕಳಿಸಿದ ಕರಾರನ್ನೂ ಓದಿದೆ. ಹೋಟೆಲು ಕಟ್ಟುವವರಿಗೆ ಸಮುದ್ರದಂಡೆ ಬೇಕಂತೆ, ನನ್ನ ಮರಳನ್ನು ನಿನಗೆ ಬರೆದುಕೊಟ್ಟು ನಿನ್ನ ಗುಡ್ಡದ ಹುಲ್ಲುಗಾವಲನ್ನು ನಾನು ತೆಗೆದುಕೊಳ್ಳಬೇಕಂತೆ. 'ಅಕ್ಕಾ, ನಿಂಗೇ ಲಾಭ ಕಣೆ' ಎಂದು ಬೇರೆ ಬರೆದಿದ್ದೀಯ. ಹಡಗು ಹತ್ತುವಾಗ ನಾಚಿಕೆಯನ್ನು ಇಲ್ಲೇ ಬಿಟ್ಟು ಹೋದೆ ಎಂದು ಕಾಣುತ್ತದೆ.

ಪಾಲು ಮಾಡಿದ ದಿನ ನಿನಗೆ ಮರೆತಿರಬಹುದು. ಅಪ್ಪ ಊರಿನ ಪದ್ಧತಿಯಂತೆ ಗುಡ್ಡ, ಕುರಿ, ಹಳೇ ಕಲ್ಲುಬುರುಜು ಎಲ್ಲವನ್ನೂ ಮಗನಿಗೆ ಕೊಟ್ಟ, ಸಮುದ್ರದ ಪಕ್ಕದ ಮರಳನ್ನು ಮಗಳಿಗೆ. ಅಪ್ಪನ ಮೇಲೆ ನನಗೆ ಸಿಟ್ಟಿಲ್ಲ. ಈ ದ್ವೀಪಕ್ಕೆ ಹಡಗಿನಲ್ಲಿ ಬಂದವರೆಲ್ಲ ದೋಚುವುದಕ್ಕೇ ಬಂದವರು: ರೋಮಿನವರು, ಪೀಸಾದವರು, ಸ್ಪೇನಿನವರು, ಕೊನೆಗೆ ನಿನ್ನ ತೊರಿನೊದ ರಾಜರು. ನಾವು ಸಮುದ್ರಕ್ಕೆ ಬೆನ್ನು ಹಾಕಿ ಗುಡ್ಡ ಹತ್ತಿದ ಜನ. ಅಮ್ಮ ಮೀನಿನ ರುಚಿ ನೋಡಿದ್ದೇ ನೀನು ಅವಳನ್ನು ಬಿಟ್ಟುಹೋದ ಮೇಲೆ, ನನ್ನ ಮನೆಗೆ ಬಂದು, ಅರವತ್ತೆರಡರ ವಯಸ್ಸಿನಲ್ಲಿ. ಹಾಗಿರುವಾಗ ಮರಳನ್ನು ಯಾರು ಲೆಕ್ಕಕ್ಕೆ ಇಟ್ಟಾರು? ಆದರೆ ನಿನ್ನ ಮಾತು ಮಾತ್ರ ನನಗೆ ಮರೆತಿಲ್ಲ. 'ಅಕ್ಕಂಗೆ ಒಳ್ಳೇ ಪಾಲೇ ಬಂತು ಬಿಡಪ್ಪ, ಸೊಳ್ಳೆ ಮೇಯಿಸ್ಕೊಂಡು ಇರ್ತಾಳೆ' ಅಂದೆ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಆ ಸೊಳ್ಳೆಗಳು ನನ್ನ ಮಗಳನ್ನು ತಿಂದವು. ಯುದ್ಧ ಮುಗಿದ ಮರುವರ್ಷ, ನವೆಂಬರಿನಲ್ಲಿ, ಐದು ವರ್ಷದ ರಿಮೇದಿಯಾ ಚಳಿಜ್ವರದಲ್ಲಿ ಹೋದಳು. ಮಳೆಗೆ ಉಪ್ಪುಕೆರೆ ತುಂಬಿ ದಾರಿ ಮುಚ್ಚಿತ್ತು. ಗುಡ್ಡದ ಸ್ಮಶಾನಕ್ಕೆ ಒಯ್ಯಲಾಗದೆ ನಾನೂ ನನ್ನ ಗಂಡನೂ ಅವಳನ್ನು ಪಾಳು ಚರ್ಚಿನ ಪಕ್ಕ ನಮ್ಮ ಮರಳಿನಲ್ಲೇ ಮಲಗಿಸಿದೆವು. ನೀರಿಳಿದ ಮೇಲೆ ಹೇಳಿಕಳಿಸಿದರೂ ನೀನು ಬರಲಿಲ್ಲ. 'ಕುರಿ ಈಯೋ ಕಾಲ, ಆಗಲ್ಲ' ಅಂದೆಯಂತೆ. ಮುಂದಿನ ವಸಂತದಲ್ಲಿ ಔಷಧಿ ಸಿಂಪಡಿಸುವವರು ಬಂದು, ಕೆಲಸ ಮುಗಿಸಿ, ನನ್ನ ಗೋಡೆಯ ಮೇಲೆ ತಾರೀಕು ಬರೆದು ಹೋದರು. ಈಗ ಇಲ್ಲಿ ಸೊಳ್ಳೆಯ ಜ್ವರವೇ ಇಲ್ಲ. ಪ್ರತಿ ವರ್ಷ ಸುಣ್ಣ ಬಳಿಯುವಾಗ ಆ ತಾರೀಕಿನ ಸುತ್ತ ಬಳಿಯುತ್ತೇನೆ, ಅದರ ಮೇಲೆ ಬಳಿಯುವುದಿಲ್ಲ. ಐದು ತಿಂಗಳು, ಬಾಕಿಸ್. ಅವರು ಐದು ತಿಂಗಳು ಮೊದಲು ಬಂದಿದ್ದರೆ ಸಾಕಿತ್ತು.

ಅದೇ ಮರಳಿನ ಮೇಲೆ ಈಗ ಯಾರೋ ಮಿಲಾನಿನವರು ಮೈ ಕಾಯಿಸಿಕೊಳ್ಳಬೇಕಂತೆ. ನಿನ್ನ ಕರಾರನ್ನು ಒಲೆಗೆ ಹಾಕಿದೆ. ಚೆನ್ನಾಗಿ ಉರಿಯಿತು, ಒಳ್ಳೆಯ ಕಾಗದ.

ಹಿರಿಯಳಾಗಿ ಹರಸಬೇಕಲ್ಲ. ದೇವರು ನಿನಗೆ ಆರೋಗ್ಯ ಕೊಡಲಿ. ಬುದ್ಧಿಯ ಹೊಣೆಯನ್ನು ಅವನ ಮೇಲೆ ಹೊರಿಸುವುದಿಲ್ಲ.

ನಿನ್ನ ಅಕ್ಕ,
ಬೊನಾರಿಯಾ

ಬರೆಯಲು ಮರೆತದ್ದು: ಅಂಚೆಯವನು ಬಾಗಿಲಲ್ಲಿ ಕಾಯುತ್ತಿದ್ದಾನೆ. ಸೋಮವಾರ ಮರಳನ್ನು ಅಮ್ಮನ ಹೆಸರಿಗೆ ಮಾಡಿಸಿದೆ, ರಿಮೇದಿಯಾ ಮಲಗಿರುವ ಜಾಗ ಬಿಟ್ಟು. ಬೇಕಿದ್ದರೆ ಇನ್ನು ಅಮ್ಮನನ್ನೇ ಕೇಳು. ಕಾಗದ ಬರೆದರೆ ನಾನು ಓದಿ ಹೇಳುವುದಿಲ್ಲ. ಬಂದು, ಎದುರು ಕೂತು, ಬಾಯಿಬಿಟ್ಟು ಕೇಳಬೇಕು. 'ಬರ್ತಾನೆ ಬಿಡೆ, ನೀರಿನ ಕಡೆಯಿಂದ್ಲೇ ತಾನೇ ಬರ್ಬೇಕು' ಅನ್ನುತ್ತಾಳೆ. ಜನ್ಮವೆಲ್ಲ ಸಮುದ್ರಕ್ಕೆ ಬೆನ್ನು ಹಾಕಿ ಕೂತವಳು, ನಿನ್ನ ಕಾಗದ ಬಂದ ದಿನದಿಂದ ಕುರ್ಚಿಯನ್ನು ಆ ಕಡೆಗೆ ತಿರುಗಿಸಿಕೊಂಡಿದ್ದಾಳೆ.