ಹಾಡಿಯ ಒಂದು ಕಡ್ಡಿಯೂ ಬೇಡ

ಕೊಕ್ಕರ್ಣೆ
೧೪ ಅಕ್ಟೋಬರ್ ೨೦೨೪, ಸೋಮವಾರ

ಪ್ರೀತಿಯ ಮಗಳು ಸುಪ್ರೀತಾಳಿಗೆ,

ಅಮ್ಮನ ಆಶೀರ್ವಾದಗಳು. ನೀನೂ ರತನನೂ ಸೌಖ್ಯವೆಂದು ನಂಬಿದ್ದೇನೆ. ಹೊಟ್ಟೆಯೊಳಗಿನವರು ಒದೆಯುವುದು ಜಾಸ್ತಿಯಾಗಿದೆ ಅಂತ ನಿನ್ನ ಅತ್ತೆ ಹೇಳಿದರು. ಒದೆಯಲಿ ಬಿಡು, ನಮ್ಮ ಮನೆಯ ಹೆಂಗಸರ ರಕ್ತ ಸುಮ್ಮನೆ ಮಲಗುವುದಲ್ಲ. ಬರೆಯುತ್ತೇನೆ, ಬರೆಯುತ್ತೇನೆ ಅನ್ನುತ್ತ ನವರಾತ್ರಿ ಇಡೀ ಕಳೆದುಹೋಯಿತು, ತಪ್ಪು ತಿಳಿಯಬೇಡ. ಫೋನ್ ಇರುವಾಗ ಈ ಅಮ್ಮನಿಗೆ ಕಾಗದದ ಹುಚ್ಚು ಯಾಕೆ ಅಂತ ನಗುತ್ತೀಯ, ಗೊತ್ತು. ಫೋನಿನಲ್ಲಿ ನಾನು ಹತ್ತು ಮಾತಾಡಿದರೆ ನಿನ್ನದು ಒಂದು "ಹ್ಞೂಂ". ಆಮೇಲೆ ಇಬ್ಬರೂ ಅಳುತ್ತೇವೆ, ಆಮೇಲೆ ಚಾರ್ಜ್ ಮುಗಿಯುತ್ತದೆ. ಕಾಗದದಲ್ಲಾದರೆ ನಾನು ಮನಸ್ಸು ತುಂಬ ಜಗಳ ಮಾಡಬಹುದು, ನಡುವೆ ಕಟ್ ಮಾಡಲು ನಿನಗೆ ಆಗುವುದಿಲ್ಲ.

ಜಗಳ ಯಾಕೆಂದರೆ, ನೀನು ಚೌತಿಯ ಹೊತ್ತಿಗೆ ಹೇಳಿದ ಮಾತಿಗೆ. "ಅಮ್ಮಾ, ಬಾಣಂತನಕ್ಕೆ ನಾ ಬಪ್ಪುದಿಲ್ಲೆ. ಕಾರವಾರದ ಮನಿಯಂಗೆ ಗೀಸರ್ ಇತ್ತ್. ಮಾವನ ಬಾಯಿಗ್ ಬೀಳೂಕೆ ನಂಗೆ ತ್ರಾಣ ಇಲ್ಲೆ." ಹೀಗಂದೆಯಲ್ಲ? ಈಗ ನನ್ನ ಉತ್ತರ ಕೇಳು. ನೀನು ಬರುತ್ತೀಯ. ಇದೇ ಮನೆಯ ಬಚ್ಚಲಲ್ಲಿ, ನಮ್ಮಜ್ಜಿಯ ತಾಮ್ರದ ಹಂಡೆಯಲ್ಲಿ ಕಾದ ನೀರು, ನನ್ನ ಕೈಯಲ್ಲೇ ನಿನ್ನ ಸೊಂಟಕ್ಕೆ ಬೀಳುತ್ತದೆ. ಗೀಸರಿನ ನೀರು ಮೈ ಒದ್ದೆ ಮಾಡುತ್ತದೆ ಅಷ್ಟೇ. ಅದಕ್ಕೆ ಬಾಣಂತಿ ಮೀಯುವುದು ಅನ್ನುವುದಿಲ್ಲ.

ನೀನು ಬರುವುದಿಲ್ಲ ಅಂದದ್ದನ್ನು ನಾನು ನಿನ್ನ ಸೋದರಮಾವನಿಗೆ ಹೇಳಲಿಲ್ಲ. ಬರುತ್ತಾಳೆ ಅಂತಲೇ ಹೇಳಿದೆ. ಪ್ರೇಮಾನಂದ ಅಣ್ಣಯ್ಯ ಪುಣೆಯ ಹೋಟೆಲು ಮಗನಿಗೆ ಬಿಟ್ಟು ಊರಿಗೆ ಬಂದ ಮೇಲೆ ಯಜಮಾನಿಕೆಯೇ ಅವನಿಗೆ ಉದ್ಯೋಗ. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರಲ್ಲ, ಅದು. ನೀನು ಮೀನುಗಾರರ ಮನೆಯ ಹುಡುಗನ ಕೈ ಹಿಡಿದ ದಿನ "ಈ ಹೊಸ್ಲ್ ದಾಂಟುಕಾಗ" ಅಂದವನು, ಮೂರು ವರ್ಷವಾದರೂ ಆ ಮಾತನ್ನು ಕೆಳಗಿಡಲಿಲ್ಲ. ಪಾಲಿನಲ್ಲಿ ಪಡುಬದಿಯ ಎರಡು ಕೋಣೆ ಮತ್ತು ಬಚ್ಚಲು ನನ್ನದಾದ್ದರಿಂದ ಬಾಗಿಲು ಹಾಕುವ ಹಾಗಿಲ್ಲ. ಅದಕ್ಕೆ ಬೇರೆ ದಾರಿ ಹುಡುಕಿದ. ಜಗಲಿಯಲ್ಲಿ ಕೂತು ಅಡಿಕೆ ಕತ್ತರಿಸುತ್ತ ಹೇಳಿದ: "ಹೆರುದಾರೆ ಎಲ್ಲ್ ಬೇಕಾರೂ ಹೆರ್ಲಿ. ನಮ್ಮ ಹಾಡಿಯ ಒಂದ್ ಕಡ್ಡಿಯೂ ಆ ಹಂಡಿಯ ಅಡಿಗೆ ಹೋಪ್ಕಾಗ."

ಮನೆಯ ಹಿಂದಿನ ಹಾಡಿ, ಆ ಕುರುಚಲು ಕಾಡು, ಇನ್ನೂ ಪಾಲಾಗಿಲ್ಲ, ಒಟ್ಟಿಗೇ ಇದೆ. ನಾನು ಹುಟ್ಟಿದಾಗಿನಿಂದ ಸೌದೆ ಅಂದರೆ ಆ ಹಾಡಿಯಿಂದ ಬರುವುದು. ಸೌದೆಯನ್ನು ದುಡ್ಡು ಕೊಟ್ಟು ತರಬೇಕು ಅನ್ನುವುದೇ ನನಗೆ ಗೊತ್ತಿರಲಿಲ್ಲ. ಸೌದೆ ಒಡೆಯುವ ಕಿಟ್ಟನನ್ನು ಗುಟ್ಟಾಗಿ ಕೇಳಿದೆ. ಅವನು ತಲೆ ಕೆರೆದುಕೊಂಡು, "ಅಮ್ಮಾ, ನಂಗೆ ಎರಡೂ ಬದಿ ಬೇಕಲ್ದಾ" ಅಂದ. ಪಾಪ, ಅವನನ್ನು ಬೈದು ಏನು ಪ್ರಯೋಜನ? ಅಣ್ಣಯ್ಯನ ಹಾಡಿಯ ಕಡ್ಡಿ ಮುಟ್ಟದೆಯೇ ನೀರು ಕಾಯಿಸಿ ತೋರಿಸುತ್ತೇನೆ ಅಂತ ಅವತ್ತೇ ಸೆರಗು ಸಿಕ್ಕಿಸಿದೆ.

ಮದುವೆ ಅಡುಗೆಯವರು ಈಗ ಪೆಲೆಟ್ ಒಲೆ ಅಂತ ಇಟ್ಟುಕೊಳ್ಳುತ್ತಾರೆ, ನೀನು ನೋಡಿರಬಹುದು. ಮರದ ಹುಡಿಯನ್ನು ಯಂತ್ರದಲ್ಲಿ ಒತ್ತಿ ಬಳಪದಂಥ ತುಂಡು ಮಾಡುತ್ತಾರೆ. ಒಲೆಗೆ ಸಣ್ಣ ಫ್ಯಾನ್ ಇದೆ, ಅದು ಗಾಳಿ ಊದುತ್ತದೆ. ಒಲೆ ಕೊಳ್ಳುವುದು ಸುಲಭವಾಯಿತು. ಅದಕ್ಕೆ ತಿನ್ನಿಸುವ ಪೆಲೆಟ್ ಆರಿಸುವುದೇ ದೊಡ್ಡ ಪಂಚಾಯಿತಿ. ಮೊದಲು ನಾನು ಮೋಸಹೋದೆ, ನಗಬೇಡ. ವಂಡ್ಸೆ ಕಡೆಯಿಂದ ಬಂದ ಒಬ್ಬ ಲಾರಿಯವನು, "ಅಮ್ಮಾ, ಇದ್ ಗೇರುಸಿಪ್ಪಿದ್. ಕಮ್ಮಿ ರೇಟ್, ಬೆಂಕಿ ಮಾತ್ರ ಬಾರೀ ಜೋರ್" ಅಂದ. ಚಿಕ್ಕಂದಿನಲ್ಲಿ ಕೆಂಡದಲ್ಲಿ ಗೇರುಬೀಜ ಸುಟ್ಟು, ಎಣ್ಣೆ ಸಿಡಿದು ಮುಖದ ತುಂಬ ಬೊಬ್ಬೆ ಎಬ್ಬಿಸಿಕೊಂಡವಳು ನಾನು. ಆದರೂ ಒಂದು ಮೂಟೆ ಇಳಿಸಿಕೊಂಡೆ, ನೋಡು ನನ್ನ ಬುದ್ಧಿ! ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅಂತಾರಲ್ಲ, ಒತ್ತಿ ಬಳಪ ಮಾಡಿದರೂ ಗೇರುಸಿಪ್ಪೆ ಗೇರುಸಿಪ್ಪೆಯೇ. ಬೆಂಕಿ ಹಾಕಿದ ಕೂಡಲೇ ಕಪ್ಪು ಹೊಗೆ, ಗಂಟಲಿಗೆ ಮೆಣಸು ತುರುಕಿದಷ್ಟು ಘಾಟು. ಹಂಡೆಯ ತಳಕ್ಕೆ ಡಾಂಬರಿನಂಥದ್ದು ಹತ್ತಿ ಕೂತಿತು.

ಆ ಹೊಗೆಯೋ, ಗಾಳಿ ಹಿಡಿದು ಸೀದಾ ಅಣ್ಣಯ್ಯನ ಜಗಲಿಗೆ. ಅಲ್ಲಿ ಅವನ ನೆಂಟರು ಬಂದು ಕೂತಿದ್ದರು. ಕೆಮ್ಮುತ್ತ, ಕಣ್ಣು ಒರೆಸುತ್ತ ಅವನು ಕೂಗಿದ: "ಹ್ವಾಯ್, ಅಲ್ಲ್ ಯಾರ್ ಹೆಣ ಸುಡುದಾ?" ನಾನೂ ಒಳಗಿನಿಂದಲೇ ಕೂಗಿದೆ: "ಹೆಣ ಅಲ್ಲ ಅಣ್ಣಯ್ಯ, ನಿನ್ನ ಹಾಡಿ ಬದ್ಲಿಗೆ ಎಂತ ಆತ್ತ್ ಅಂದೇಳಿ ಪರೀಕ್ಷಿ ಮಾಡುದ್!" ನೆಂಟರು ನಕ್ಕದ್ದು ನನಗೂ ಕೇಳಿತು. ಹಂಡೆ ತಿಕ್ಕಿ ತಿಕ್ಕಿ ನನ್ನ ಉಗುರು ಸವೆಯಿತು, ಆದರೂ ಆ ನಗು ಕೇಳಿದ್ದಕ್ಕೆ ಬೇಜಾರಾಗಲಿಲ್ಲ.

ಒಬ್ಬಳೇ ಹೋದರೆ ಇನ್ನೊಬ್ಬ ಮೋಸಮಾಡುತ್ತಾನೆ ಅನ್ನಿಸಿತು. ಯಾರನ್ನು ಕರೆಯುವುದು? ನಮ್ಮ ಕಡೆಯವರು ಯಾರೂ ಬರುವವರಲ್ಲ. ಧೈರ್ಯ ಮಾಡಿ ನಿನ್ನ ಅತ್ತೆಗೆ ಫೋನ್ ಮಾಡಿದೆ. ಮೂರು ವರ್ಷದಲ್ಲಿ ನಾನು ಅವರ ಮುಖ ನೋಡಿದವಳಲ್ಲ. ವನಜಕ್ಕ ಎರಡನೇ ಮಾತಿಲ್ಲದೆ, ಮೀನಿನ ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ ಬೈಂದೂರಿನಿಂದ ಬಸ್ಸು ಹತ್ತಿದರು. ಆನೆಗುಡ್ಡೆ ಗಣಪತಿಗೆ ಕೈಮುಗಿದೇ ಹೊರಡುವ ಅಂತ ಕುಂಭಾಶಿಯಲ್ಲಿ ಸೇರಿದೆವು. ನನ್ನನ್ನು ಕಂಡ ಕೂಡಲೇ ಅವರು ಕೈಮುಗಿದು, "ಒಡ್ತೀರೆ, ಹುಷಾರಿದ್ರ್ಯಾ?" ಅಂದರು. ನನಗೆ ಎಲ್ಲಿತ್ತೋ ಸಿಟ್ಟು. "ಇನ್ನೊಂದ್ ಸಲ ಒಡ್ತಿ ಅಂದ್ರೆ ನಾ ಹಿಂದಿನ ಬಸ್ಸಿಗೆ ಹೋತೆ ಕಾಣಿ. ನಿಮ್ಮ ಮೊಮ್ಮಗುವಿಗೆ ನಾನೂ ಅಜ್ಜಿಯೇ ಅಲ್ದಾ?" ಅಂದೆ. ಅವರು ನಕ್ಕರು. ಆ ಮೇಲೆ ಬ್ರಹ್ಮಾವರ ಬರುವವರೆಗೆ ನಾವಿಬ್ಬರೂ ಬಾಯಿ ಮುಚ್ಚಲಿಲ್ಲ.

ಅಲ್ಲಿ ಶೈಲೇಶ್ ಅನ್ನುವವನು ತನ್ನ ಅಂಗಡಿಯಲ್ಲಿ ಸಾಲಾಗಿ ಪೆಲೆಟ್ ಮೂಟೆ ಇಟ್ಟಿದ್ದ. ವನಜಕ್ಕ ಒಂದು ಹಿಡಿ ತೆಗೆದು, "ಇದೆಂತ ಮಾರ್ರೆ, ಕೋಳಿತಿಂಡಿ ಕಂಡಾಂಗ್ ಇತ್ತ್" ಅಂದರು. ಆದರೆ ಆರಿಸಲು ಕೂತರೆ ನೋಡಬೇಕಿತ್ತು ಅವರನ್ನು. ಕಿವಿರು ಎತ್ತಿ ಮೀನು ನೋಡುವ ಗತ್ತಿನಲ್ಲೇ ಒಂದೊಂದನ್ನೂ ಮುರಿದರು, ಮೂಸಿದರು. ಒಂದನ್ನು ಮೂಸಿ ಮೂಗು ಹಿಂಡಿದರು. ಅಂಟಿನ ವಾಸನೆ. ಶೈಲೇಶ್ ಹಲ್ಲು ಕಿರಿದು, ಪ್ಲೈವುಡ್ಡಿನ ಹುಡಿ ಸೇರಿದೆ ಅಂತ ಒಪ್ಪಿಕೊಂಡ. ಭತ್ತದ ಉಮಿಯದ್ದು ಇನ್ನೊಂದಿತ್ತು. ಬೂದಿ ಗಟ್ಟಿಯಾಗಿ ಒಲೆಯ ಬಾಯಿಯೇ ಕಟ್ಟುತ್ತದೆ ಅಂತ ಅವನೇ ಹೇಳಿದ. ನಾನು ಮೂಟೆಯ ಅಡಿಗೆ ಕೈ ಹಾಕಿ ಹುಡಿ ಎಷ್ಟಿದೆ ನೋಡಿದೆ. ಚೊಂಬಿನಲ್ಲಿ ನೀರು ತರಿಸಿ ಒಂದು ತುಂಡು ಹಾಕಿಸಿದೆ. ಒಳ್ಳೆಯದಾದರೆ ತಳಕ್ಕೆ ಹೋಗಬೇಕು, ತೇಲಬಾರದು ಅಂತ ಮೊಬೈಲಿನಲ್ಲಿ ಕಂಡಿದ್ದೆ. ಮರದ ಹುಡಿಯದ್ದು ಟುಪುಕ್ಕಂತ ಮುಳುಗಿತು. ಮುರಿದರೆ ಚಟ್ ಅಂದಿತು, ಮೇಲೆ ನುಣುಪು, ಮೂಸಿದರೆ ಆಗ ತಾನೇ ಬಾಗಿಲು ಕೊರೆದ ಬಡಗಿಯ ಅಂಗಳದ ವಾಸನೆ.

ಆದರೂ ನನಗೊಂದು ಸಂಶಯ. ಹಾಲು ಬರುವ ಮರವನ್ನು ಬಾಣಂತಿ ನೀರಿನ ಅಡಿಗೆ ಉರಿಸಿದರೆ ಎದೆಹಾಲು ಬತ್ತುತ್ತದೆ ಅಂತ ನಮ್ಮಜ್ಜಿ ಹೇಳುತ್ತಿದ್ದಳು. "ಇದ್ರಂಗೆ ಹಲಸಿನ ಮರ ಇತ್ತಾ?" ಅಂತ ಕೇಳಿದೆ. ಶೈಲೇಶ್ ಕಣ್ಣು ಬಾಯಿ ಬಿಟ್ಟ. "ಅಕ್ಕಾ, ಮಿಲ್ಲಿನ ಹುಡಿಯಂಗೆ ಯಾವ್ ಮರ ಅಂದೇಳಿ ಹ್ಯಾಂಗ್ ಹೇಳುದ್?" ಆಗ ವನಜಕ್ಕ ನನ್ನ ಕೈ ಮೇಲೆ ಕೈಯಿಟ್ಟು ಮೆಲ್ಲಗೆ ಅಂದರು: "ಹುಡಿ ಆದ್ಮೇಲೆ ಎಂತ ಮರ, ಬಿಡಿ. ಹಾಲಿಗೆ ನಾ ದಿನಾ ಮೀನ್ ತಂದ್ ಕೊಡ್ತೆ." ಅಜ್ಜಿಯ ಮಾತು ಅಲ್ಲಿಗೇ ಬಿಟ್ಟೆ. ಅಜ್ಜಿ ಇದ್ದಿದ್ದರೂ ಬಿಡುತ್ತಿದ್ದಳು, ಮೀನೆಂದರೆ ಅವಳಿಗೆ ಪ್ರಾಣ.

ಮೂಟೆ ಕಳಿಸಲು ಹೇಳಿ, ಪಕ್ಕದ ಹೋಟೆಲಿನಲ್ಲಿ ಚಾ ಕುಡಿದೆವು. ಅಲ್ಲಿ ವನಜಕ್ಕ ಒಂದು ಮಾತು ಹೇಳಿದರು. ಅದನ್ನು ಇಲ್ಲಿ ಬರೆಯುವುದಿಲ್ಲ. ಕೇಳಿದ ಮೇಲೆ ನಾನು ಚಾ ಅರ್ಧಕ್ಕೇ ಬಿಟ್ಟು ಎದ್ದು, ಮತ್ತೆ ಅಂಗಡಿಗೆ ಹೋಗಿ, ಮೂಟೆ ದುಪ್ಪಟ್ಟು ಕಳಿಸು ಅಂದೆ.

ಬುಧವಾರ

ಕಾಗದ ಅರ್ಧಕ್ಕೆ ನಿಂತಿತ್ತು, ನಿನ್ನೆ ಟೆಂಪೋ ಬಂತು. ಮೂಟೆ ಇಳಿಯುವುದನ್ನು ಅಣ್ಣಯ್ಯ ಜಗಲಿಯಿಂದ ನೋಡುತ್ತಲೇ ಇದ್ದ. ಕೊನೆಗೆ ಇಳಿದು ಬಂದ. "ಊರಿಗೆಲ್ಲ ಬಾಣಂತನ ಮಾಡ್ತ್ಯಾ ಎಂತ? ಇಷ್ಟ್ ಮೂಟಿ ಯಾರಿಗೆ?" ಅಂದ. "ಬೇಕಾದವ್ರಿಗೆ" ಅಂದೆ. ಆಗ ಅವನು ದನಿ ಏರಿಸಿದ: "ಕಾಣ್ ಸ್ನೇಹ, ಆ ಮಗುವಿನ ಅಮೆ ನಾವ್ ಹಿಡೂದಿಲ್ಲೆ. ಅದ್ ನಮ್ಮ ಮನಿಯದ್ದಲ್ಲ."

ಅಮೆ ಅಂದರೆ ಹೆರಿಗೆಯ ಸೂತಕ, ನಿನಗೆ ಗೊತ್ತು. ಕುಟುಂಬದಲ್ಲಿ ಮಗು ಹುಟ್ಟಿದರೆ ಇಡೀ ಕುಟುಂಬ ಅದನ್ನು ಹಿಡಿಯಬೇಕು. ಹಿಡಿಯದಿದ್ದರೆ ಮಗು ನಮ್ಮದಲ್ಲ ಅಂತ ಊರಿಗೆ ಸಾರಿದ ಹಾಗೆ. ಆ ಮಾತು ಕೇಳಿ ನನ್ನ ಮೈಯೆಲ್ಲ ಉರಿಯಿತು. ಮೂಟೆಯ ಮೇಲೆ ಕೈಯೂರಿ ನಿಂತು, ಬಳಿಯ, ಅಂದರೆ ವಂಶದ, ಲೆಕ್ಕವನ್ನೇ ಹಿಡಿದು ಕೇಳಿದೆ: "ಅಣ್ಣಯ್ಯ, ನಮ್ಮಂಗೆ ಬಳಿ ಬಪ್ಪುದ್ ತಾಯಿಯಿಂದವಾ, ಅಪ್ಪನಿಂದವಾ? ನೀ ಈ ಮನಿ ಯಜಮಾನ ಆದ್ದ್ ಯಾರ್ ಹೊಟ್ಟಿಯಂಗ್ ಹುಟ್ಟಿ? ಅಪ್ಪಯ್ಯನ ಹೊಟ್ಟಿಯಂಗಾ?"

ಟೆಂಪೋದ ಹುಡುಗರು ಮೂಟೆ ಹೊತ್ತವರು ಹೊತ್ತಂತೆಯೇ ನಿಂತರು. ನಾನು ಬಿಡಲಿಲ್ಲ. "ನಿನ್ನ ಮಕ್ಕಳ ಬಳಿ ಅತ್ತಿಗಿದ್. ಈ ಮನಿಯ ಬಳಿ ಮುಂದೆ ಹೋಪುದಾರೆ ಅದ್ ನನ್ನ ಮಗಳ ಹೊಟ್ಟಿಯಿಂದ್ಲೇ. ಅಪ್ಪ ದೋಣಿಯವ್ನೋ ಹೋಟೆಲ್‌ನವ್ನೋ, ಅಳಿಯಸಂತಾನದ ಕಟ್ಟು ಕೇಂತಿಲ್ಲೆ. ಕಟ್ಟು ಕಟ್ಟು ಅಂದೇಳಿ ನೀನೇ ಅಲ್ದಾ ಊರಿಗೆಲ್ಲ ಪಾಠ ಹೇಳುದ್? ಅಮೆ ಹಿಡೂದ್ ಬಿಡೂದ್ ನಿನ್ನಿಷ್ಟ. ಅದ್ ಬಪ್ಪುದ್ ನಿನ್ನ ಕೇಂಡ್ಕಂಡ್ ಅಲ್ಲ."

ಅವನು ಹೆಗಲ ಬೈರಾಸು ಕೊಡವಿ ಒಳಗೆ ಹೋದ. ಇವತ್ತು ಬೆಳಿಗ್ಗೆ ನಾನು ಹೊಸ ಪೆಲೆಟ್ ಹಾಕಿ ಒಲೆ ಹಚ್ಚಿದೆ. ನೀಲಿ ಅಂಚಿನ ಉರಿ, ಸದ್ದಿಲ್ಲ, ಹೊಗೆಯಿಲ್ಲ. ಹಂಡೆ ತುಂಬ ನೀರು ಕುದಿದು ಮುಚ್ಚಳ ಕುಣಿಯಿತು. ಅಣ್ಣಯ್ಯ ತೋಟಕ್ಕೆ ಹೋಗುವ ನೆವದಲ್ಲಿ ಬಚ್ಚಲ ಬದಿಯಲ್ಲಿ ಹಾದು, ಯಾರಿಗೂ ಅಲ್ಲ ಅನ್ನುವ ಹಾಗೆ, "ಹೊಗಿ ಇಲ್ಲೆ ಅಲ್ದಾ" ಅಂದ. ಅಷ್ಟಕ್ಕೆಲ್ಲ ಕರಗುವವಳು ನಾನಲ್ಲ. ಇನ್ನೊಂದು ಹಿಡಿ ಪೆಲೆಟ್ ಒಲೆಗೆ ಸುರಿದೆ.

ಆದ್ದರಿಂದ ಮಗಾ, ದೀಪಾವಳಿ ಕಳೆದ ಕೂಡಲೇ ಹೊರಡು. ರತನನೂ ಬರಲಿ, ವನಜಕ್ಕನೂ ಬರಲಿ. ಪಡುಬದಿಯ ಬಾಗಿಲಿನಿಂದ ಕದ್ದು ಬರುವುದು ಬೇಡ, ಹೆಬ್ಬಾಗಿಲಿನಿಂದಲೇ ಬನ್ನಿ. ಆರತಿ ತಟ್ಟೆ ಹಿಡಿದು ನಾನು ನಿಂತಿರುತ್ತೇನೆ. ಮಾವ ಜಗಲಿಯಲ್ಲಿ ಇದ್ದರೆ ಇರಲಿ, ಅವನಿಗೂ ಒಂದು ಆರತಿ ನೋಡಲು ಸಿಗುತ್ತದೆ.

ಹೊಟ್ಟೆ ತುಂಬ ಉಣ್ಣು, ಭಾರ ಎತ್ತಬೇಡ, ಎಡಕ್ಕೆ ತಿರುಗಿ ಮಲಗು. ನಮ್ಮ ಮನೆಯ ದೈವಗಳು ನಿನ್ನ ಹೊಟ್ಟೆಯನ್ನೂ ನಿನ್ನ ಬೆನ್ನನ್ನೂ ಕಾಯಲಿ. ನೂರು ಕಾಲ ಬಾಳಿ.

ಇತಿ ನಿನ್ನ ಅಮ್ಮ,
ಸ್ನೇಹಲತಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಅವತ್ತು ಚಾ ಕುಡಿಯುವಾಗ ವನಜಕ್ಕ, ನನಗೆ ಗೊತ್ತೇ ಇದೆ ಅಂತ ತಿಳಿದು, "ಮೊದ್ಲಿನ ಶಿಶು ಐದ್ ತಿಂಗ್ಳಿಗೇ ಹೋಯ್ತಲೆ, ಇದಾರೂ ಚಂದ ಮಾಡಿ ಬರ್ಲಿ" ಅಂದರು. ನಾನು ಗೊತ್ತಿದ್ದವಳ ಹಾಗೆ ತಲೆಯಾಡಿಸಿದೆ. ಹೋದ ವರ್ಷ ಮಾವಿನ ಮಿಡಿಯ ಕಾಲದಲ್ಲಂತೆ. ಅವರು ಬೈಂದೂರಿನಿಂದ ಬಂದು ಮುಟ್ಟುವಷ್ಟರಲ್ಲಿ ನೀನು ಆಸ್ಪತ್ರೆಯಿಂದ ಬಂದು, ನಲ್ಲಿಯ ತಣ್ಣೀರಿನಲ್ಲಿ ಒಬ್ಬಳೇ ಮಿಂದು, ಕೆಲಸಕ್ಕೆ ಹೊರಟಿದ್ದೆಯಂತೆ. ಆ ವಾರವೇ ಅಲ್ಲವಾ ನೀನು ನನಗೆ ಫೋನ್ ಮಾಡಿ, "ಅಮ್ಮಾ, ಮಿಡಿ ಉಪ್ಪಿನಕಾಯಿಗೆ ಉಪ್ಪ್ ಎಷ್ಟ್ ಹಾಕುದ್?" ಅಂತ ಕೇಳಿದ್ದು? ನಾನು ಉಪ್ಪಿನ ಅಳತೆ ಹೇಳಿ ಫೋನ್ ಇಟ್ಟೆ.

ಮೂಟೆಗಳಲ್ಲಿ ಅರ್ಧ ಈ ಮಗುವಿನದು. ಇನ್ನರ್ಧ ಅದರದು. ಅದು ಹುಟ್ಟಲಿಲ್ಲ, ಆದರೆ ನೀನು ಹೆತ್ತವಳೇ, ನಿನಗೆ ಆ ಮೀಯುವುದು ಬಾಕಿ ಇದೆ. ಹೆರಿಗೆಗೆ ಮೊದಲೇ ಬಾ ಅಂದದ್ದು ಅದಕ್ಕೆ. ಬಂದು ನನಗೇನೂ ಹೇಳುವುದು ಬೇಡ, ನಾನೂ ಕೇಳುವುದಿಲ್ಲ. ಮಣೆಯ ಮೇಲೆ ಬೆನ್ನು ಕೊಟ್ಟು ಕೂತುಕೋ, ಮಗಾ. ನೀರು ನಾನು ಹೊಯ್ಯುತ್ತೇನೆ.