ಹಾಡಿಗೆ ಮೊದಲು ಓದುವ ಹೆಸರುಗಳು

ದಾವಣಗೆರೆ
೧೯ ಅಕ್ಟೋಬರ್ ೧೯೮೧, ಸೋಮವಾರ

ಮಗಳು ದಿಲ್ಷಾದಳಿಗೆ ನಿನ್ನ ಅಪ್ಪ ಮಕ್ತುಮ್ ಸಾಬನ ಸಲಾಮು, ದುವಾ. ಕೂಸು ಅಖ್ತರ್ ಬಾನುವಿಗೂ ದುವಾ. ನಿನ್ನ ಗಂಡ ಹಿದಾಯತನಿಗೆ ಏನು ಬರೆಯಬೇಕೋ ತಿಳಿಯದು. ಹಗಲೆಲ್ಲ ಮೈಕ್ ಸೆಟ್ಟಿನ ಪಕ್ಕದಲ್ಲಿ ಕೂರುವವನಿಗೆ ನನ್ನ ಸಲಾಮು ಕೇಳಿಸುವುದೂ ಇಲ್ಲ.

ನಿನ್ನ ಕಾಗದ ರಂಜಾನಿಗೆ ಮೊದಲೇ ಬಂದಿತ್ತು. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಕೆಲಸ ಬಹಳ ಇತ್ತು ಎಂದರೆ ಸುಳ್ಳಾಗುತ್ತದೆ. ಮಳೆಗಾಲದಲ್ಲಿ ಗಾದಿ ಹೊಲಿಸುವವರು ಎಷ್ಟು ಜನ? ಬರೆಯಬಾರದು ಎಂದೇ ಬರೆಯಲಿಲ್ಲ. ಅವ್ವನ ದಮ್ಮು ಜಾಸ್ತಿಯಾಗಿದೆಯಂತೆ, ಒಂದು ಸಲ ಬಂದು ನೋಡಿಕೊಂಡು ಹೋಗಲೇ ಎಂದು ನೀನು ಕೇಳಿದ್ದೆ. ಹರಿಹರ ಏನು ಅರಬರ ದೇಶವೇ? ಬಸ್ಸಿನಲ್ಲಿ ಕೂತು ಒಂದು ಕಣ್ಣು ಮುಚ್ಚಿ ತೆರೆಯುವುದರೊಳಗೆ ದಾವಣಗೆರೆ ಬರುತ್ತದೆ. ಆದರೂ ನೀನು ಅಪ್ಪಣೆ ಕೇಳಿದೆ. ನಾನು ಆಡಿದ ಮಾತು ನಿನಗೆ ನೆನಪಿದೆ ಎಂದು ಅದರಿಂದ ಗೊತ್ತಾಯಿತು. ಒಳ್ಳೆಯದೇ.

ನೀನು ಕೂಸನ್ನು ಎತ್ತಿಕೊಂಡು ಬಂದ ದಿನ ನಾನು ಜಗಲಿಯ ಮೇಲೆ ಬಿಲ್ಲು ಹಿಡಿದು ಹತ್ತಿ ಹಿಂಜುತ್ತಿದ್ದೆ. ನೀನು ಬೀದಿಯಲ್ಲಿ ನಿಂತೆ. ನಾನು ಬಿಲ್ಲು ನಿಲ್ಲಿಸಲಿಲ್ಲ. ನಿನ್ನ ಅವ್ವ ತಂಬಿಗೆಯಲ್ಲಿ ನೀರು ತಂದಳು, ಒಳಗೆ ನಡಿ ಎಂದೆ, ಹೋದಳು. "ಈ ಹೊಸಿಲು ದಾಟಬೇಕಂದ್ರ ನನ್ನ ಮಯ್ಯತ್ ಎತ್ತಿದ ಮ್ಯಾಲೆ ಬಾ" ಎಂದು ನಿನಗೆ ಹೇಳಿದೆ. ಹತ್ತಿಯ ದೂಳು ಹಾರಿ ಕೂಸಿನ ತಲೆಯ ಮೇಲೆ ಕೂತಿತ್ತು. ನೀನು ಸೆರಗು ಮುಚ್ಚಿ, ಬಂದ ದಾರಿಯಲ್ಲೇ ಹೊರಟುಹೋದೆ. ಎದುರಿನ ಚಹಾ ಅಂಗಡಿಯ ಭರಮಣ್ಣ ಬಂದು, ಒಂದು ಮಾತಾದರೂ ಆಡಿಸಬೇಕಿತ್ತು ಎಂದ. ನಿನ್ನ ಹಾಲು ಉಕ್ಕುತ್ತಿದೆ, ಅದನ್ನು ನೋಡಿಕೋ ಎಂದೆ.

ಆ ಹಾಡಿನ ಮಾತಿಗೆ ಬರುತ್ತೇನೆ, ಎಲ್ಲ ಶುರುವಾದದ್ದು ಅದರಿಂದಲೇ. ಭರಮಣ್ಣನ ತಂಗಿಯ ಮದುವೆಗೆ ಹಿದಾಯತ್ ಹರಿಹರದಿಂದ ಮೈಕ್ ಸೆಟ್ ತಂದು, ನಮ್ಮ ಬಾಗಿಲ ಮುಂದಿನ ಬೇವಿನ ಮರಕ್ಕೇ ಲೌಡ್‌ಸ್ಪೀಕರ್ ಕಟ್ಟಿದ. ಎದ್ದರೆ ಆ ಹಾಡು, ಉಣ್ಣಲು ಕೂತರೆ ಆ ಹಾಡು. ಮೊದಲು ಒಬ್ಬಳು ಹಾ ಹಾ ಎನ್ನುತ್ತಾಳೆ, ಯಾರೋ ಜಡೆ ಹಿಡಿದು ಎಳೆದ ಹಾಗೆ. ಆಮೇಲೆ ಒಬ್ಬ ಗಂಡಸು ತೋಟಕ್ಕೆ ಬಾ ಎನ್ನುತ್ತಾನೆ. ಅವಳು ಬರುವುದಿಲ್ಲ ಎನ್ನುತ್ತಾಳೆ. ಬರುವುದಿಲ್ಲ ಎಂದ ಮೇಲೆ ಮನೆಗೆ ಹೋಗಿ ರೊಟ್ಟಿ ಬಡಿಯಬಾರದೇ? ಅಲ್ಲೇ ನಿಂತು ಅದನ್ನೇ ಹೇಳುತ್ತಾಳೆ, ಅವನೂ ಅದನ್ನೇ ಕೇಳುತ್ತಾನೆ. ನನಗೆ ತಲೆ ಚಿಟ್ಟು ಹಿಡಿದುಹೋಯಿತು. ಬೀದಿಯ ಹೆಂಗಸರು ಮಕ್ಕಳು ಮಾತ್ರ ಆ ಮರದ ಕೆಳಗೆ ಬಾಯಿ ಬಿಟ್ಟುಕೊಂಡು ನಿಂತಿದ್ದರು.

ಹೋಗಿ ಸದ್ದು ಕಡಿಮೆ ಮಾಡಲು ಹೇಳು ಎಂದು ನಿನ್ನನ್ನು ಕಳಿಸಿದವನು ನಾನೇ. ನೀನು ಹೋದೆ, ಸದ್ದು ಇಳಿಯಿತು. ನನ್ನ ಮಗಳ ಮಾತಿಗೆ ಎಷ್ಟು ಬೆಲೆ ಎಂದು ಹಿಗ್ಗಿದೆ, ನಾನೊಬ್ಬ ಪೆದ್ದ. ಮರುದಿನ ಮತ್ತೆ ಸದ್ದು ಏರಿತು. ನಾನು ಹೇಳದೆ ನೀನೇ ಹೋದೆ. ಆಮೇಲೆ ಸದ್ದು ಇಳಿದರೂ ನೀನು ಬೇಗ ಬರಲಿಲ್ಲ.

ವರ್ಷ ತುಂಬುವುದರೊಳಗೆ ಅವನ ಮನೆಯವರು ಹರಿಹರದಲ್ಲಿ ನಿಮ್ಮ ನಿಕಾಹ್ ಮಾಡಿದರು. ನನ್ನ ಮನೆಯಿಂದ ಒಂದು ತಲೆದಿಂಬೂ ಹೋಗಲಿಲ್ಲ. ಊರ ಮದುವೆಗಳಿಗೆಲ್ಲ ಗಾದಿ ಹೊಲಿದವನ ಮಗಳು ಚಾಪೆಯ ಮೇಲೆ ಮಲಗಿದಳು ಎಂದು ಜನ ಆಡಿಕೊಂಡರು. ಆಡಿಕೊಳ್ಳಲಿ ಎಂದೇ ನಾನು ಕಳಿಸಿರಲಿಲ್ಲ. ನಿನ್ನ ಅವ್ವ ಕದ್ದುಮುಚ್ಚಿ ಒಂದು ಗಾದಿಗಾಗುವಷ್ಟು ಬೂರುಗದ ಅರಳೆ ಕೂಡಿಸಿಟ್ಟಿದ್ದಳು. ಅದನ್ನು ಸಾರಥಿ ಊರಿನ ಒಬ್ಬ ಗೌಡನ ಮಗಳ ಗಾದಿಗೆ ತುಂಬಿಬಿಟ್ಟೆ.

ಅರ್ಥ ಮಾಡಿಕೊಳ್ಳಲು ನಾನು ಪ್ರಯತ್ನ ಪಡಲಿಲ್ಲ ಎನ್ನಬೇಡ. ಆ ಹಾಡಿನಲ್ಲಿ ಅಂಥದ್ದೇನಿದೆ ಎಂದು ಭರಮಣ್ಣನನ್ನು ಕೇಳಿದೆ. ಅವನು ಚಹಾ ಸೋಸುವುದನ್ನು ಬಿಟ್ಟ. "ತಿಳ್ಕಣಾಕ ಏನಿಲ್ರಿ ಸಾಬ್ರ. ಕೇಳಿದ್ರ ಯಾರೋ ನಮ್ಮನ್ನ ಕರದಂಗ ಆಗ್ತೈತೆ" ಎಂದ. ನನ್ನನ್ನು ಯಾರೂ ಕರೆದ ಹಾಗೆ ಆಗಲಿಲ್ಲ. ನಾನು ಹುಟ್ಟಿದಾಗಿನಿಂದ ಕೇಳಿದ್ದು ಬಿಲ್ಲಿನ ನರಕ್ಕೆ ಕೊಡತಿ ಬಿದ್ದ ಸದ್ದು ಒಂದೇ. ಅದು ಟಂಯ್ ಎಂದರೆ ಹತ್ತಿ ಬಿಡಿಸಿಕೊಳ್ಳುತ್ತದೆ, ಹೊಟ್ಟೆಗೆ ರೊಟ್ಟಿ ಸಿಗುತ್ತದೆ. ಅದು ಸಾಕಾಗಿತ್ತು.

ರೇಡಿಯೋದ ವಿಷಯ ನನಗೆ ತಡವಾಗಿ ತಿಳಿಯಿತು. ಭಾನುವಾರ ಜನ ಕೇಳಿದ ಹಾಡು ಹಾಕುತ್ತಾರಲ್ಲ, ಹಾಡಿಗೆ ಮೊದಲು ಕಾರ್ಡು ಬರೆದವರ ಹೆಸರು, ಅವರ ಮನೆಯವರ ಹೆಸರು, ನೆಂಟರ ಹೆಸರು ಎಲ್ಲ ಓದುತ್ತಾರಂತೆ. ತಲೆದಿಂಬಿಗೆ ಬಂದ ಗಿರಾಕಿಯೊಬ್ಬ, ನಿಮ್ಮ ಮನೆಯವರ ಹೆಸರು ರೇಡಿಯೋದಲ್ಲಿ ಬಂತಲ್ಲ ಎಂದು ಹಲ್ಲು ಕಿರಿದ. ವಿಚಾರಿಸಿದರೆ, ನೀನು ಹರಿಹರದಿಂದ ಆ ದರಿದ್ರ ಹಾಡಿಗೇ ಮತ್ತೆ ಮತ್ತೆ ಕಾರ್ಡು ಹಾಕುತ್ತಿದ್ದೀಯ, ಅದರಲ್ಲಿ ಖತೀಜಾಬೀ ಎಂದು ಅವ್ವನ ಹೆಸರನ್ನೂ ಬರೆಯುತ್ತಿದ್ದೀಯ. ಅವಳು ಪಕ್ಕದ ಮನೆಯ ಕೊಟ್ರವ್ವನಿಗೆ ಮೊರ ಕೊಟ್ಟು ಬರುತ್ತೇನೆ ಎಂದು ಪ್ರತಿ ಭಾನುವಾರ ಹೋಗುತ್ತಿದ್ದದ್ದು ಇದಕ್ಕೆ. ಆ ಮೊರ ನಮ್ಮದೋ ಅವರದೋ ಎಂದು ನನಗೆ ಇನ್ನೂ ಗೊತ್ತಿಲ್ಲ. ನಿನ್ನ ಹೆಸರು, ಕೂಸಿನ ಹೆಸರು, ಅವಳ ಹೆಸರು ಒಟ್ಟಿಗೆ ಬಂದರೆ ಮುಗಿಯಿತು, ಅವತ್ತು ಮನೆಯಲ್ಲಿ ಏನಾದರೂ ಸಿಹಿ ಮಾಡುತ್ತಿದ್ದಳು. ತಮಾಷೆ ಕೇಳು, ಅವಳೂ ಅಲ್ಲಿ ಕೂತು ಆ ಹಾಡು ಕೇಳಿದವಳಲ್ಲವಂತೆ. ಹೆಸರು ಮುಗಿದ ಕೂಡಲೇ ಎದ್ದು ಬರುತ್ತಿದ್ದಳು ಎಂದು ಕೊಟ್ರವ್ವ ಹೇಳಿದಳು.

ಕೊಟ್ರವ್ವನ ಮನೆಗೆ ಹೋಗಕೂಡದು ಎಂದೆ. ಹೋಗಲಿಲ್ಲ. ಅಷ್ಟರಲ್ಲಿ ದಮ್ಮು ಜೋರಾಗಿ, ಹೋಗುವ ಶಕ್ತಿಯೂ ಇರಲಿಲ್ಲ. ಆಗ ಆ ಕೊಟ್ರವ್ವ, ಎಂಥ ಘಾಟಿ ಹೆಂಗಸು ನೋಡು, ಭಾನುವಾರ ರೇಡಿಯೋವನ್ನು ಹಿತ್ತಲ ಗೋಡೆಯ ಮೇಲೆ ತಂದಿಟ್ಟು ಜೋರು ಮಾಡತೊಡಗಿದಳು. ನಿನ್ನ ಅವ್ವ ಮಲಗಿದಲ್ಲಿಂದಲೇ ಗೋಡೆಯ ಕಡೆ ಹೊರಳುತ್ತಿದ್ದಳು.

ನಾನೇನು ಕಡಿಮೆ? ಹೆಸರು ಓದುವ ಹೊತ್ತಿಗೆ ಸರಿಯಾಗಿ ಬಿಲ್ಲು ತೆಗೆದುಕೊಂಡು ಕೂತೆ. ಜಗಲಿಯ ಮೇಲಲ್ಲ, ನಡುಮನೆಯಲ್ಲಿ. ಟಂಯ್ ಟಂಯ್ ಎಂದು ಹೊಡೆದರೆ ರೇಡಿಯೋ ಇರಲಿ, ಪಕ್ಕದಲ್ಲಿ ಕೂತವರ ಮಾತೂ ಕೇಳಿಸುವುದಿಲ್ಲ. "ಒಂದು ಗಳಿಗಿ ನಿಲ್ಲಿಸ್ರಿ, ಹೆಸರಷ್ಟು ಕೇಳ್ಕಂತೀನಿ" ಎಂದು ಅವಳು ಕೇಳಿಕೊಂಡಳು. ಗಿರಾಕಿ ಬರುತ್ತಾನೆ ಎಂದೆ. ಯಾವ ಗಿರಾಕಿಯೂ ಇರಲಿಲ್ಲ. ಹಿಂಜಿದ ಹತ್ತಿಯನ್ನೇ ಮತ್ತೆ ಹಿಂಜಿದೆ. ದೂಳಿಗೆ ಅವಳಿಗೆ ಕೆಮ್ಮು ಕಿತ್ತುಕೊಂಡು ಬರುತ್ತಿತ್ತು, ಆದರೂ ಸೆರಗು ಬಾಯಿಗೆ ತುರುಕಿಕೊಂಡು ಕಿವಿಗೊಡುತ್ತಿದ್ದಳು. ಅಷ್ಟು ಹಟ ನಿನಗೆ ಅವಳಿಂದಲೇ ಬಂದಿರಬೇಕು. ಮಳೆಗಾಲವಿಡೀ ಭಾನುವಾರಗಳು ಹೀಗೇ ಕಳೆದವು. ಆ ಹಾಡು ಕೇಳಿದರೆ ನನಗೆ ತಲೆ ಸಿಡಿಯುತ್ತದೆ, ಅದಕ್ಕೇ ಹಿಂಜುತ್ತೇನೆ ಎಂದು ಕೇಳಿದವರಿಗೆಲ್ಲ ಹೇಳಿದೆ.

ಈಗ ಬರೆಯಬೇಕಾದದ್ದನ್ನು ಬರೆಯುತ್ತೇನೆ. ಬಕ್ರೀದ್ ಕಳೆದು ಗುರುವಾರ ಸಂಜೆ ನಿನ್ನ ಅವ್ವ ತೀರಿಕೊಂಡಳು. ಶುಕ್ರವಾರ ಜುಮ್ಮಾ ನಮಾಜು ಮುಗಿಸಿ ಮಣ್ಣು ಮಾಡಿ ಬಂದೆವು.

ಹೋಗುವುದಕ್ಕೆ ಮೊದಲು ನಿನ್ನನ್ನು ಕೇಳಿದಳು. "ದಿಲ್ಷಾದಗ ಹೇಳಿ ಕಳ್ಸೀರೇನು?" ಎಂದಳು. ಕಳಿಸಿದ್ದೇನೆ ಎಂದೆ. "ಏನಂದ್ಲು?" ಎಂದಳು.

"ಬರಂಗಿಲ್ಲ ಅಂದ್ಲು" ಎಂದೆ.

ಅಷ್ಟು ದಿನ ಗೋಡೆಯ ಕಡೆ ಹೊರಳಿ ಮಲಗುತ್ತಿದ್ದವಳು ಈ ಕಡೆ ಹೊರಳಿದಳು.

ಬಂದವರೆಲ್ಲ ಮಗಳೆಲ್ಲಿ ಎಂದು ಕೇಳಿದರು. ಅವರಿಗೂ ಅದನ್ನೇ ಹೇಳಿದೆ. ಹೇಳಿ ಕಳಿಸಿದೆ, ಬರುವುದಿಲ್ಲ ಎಂದಳು. ಆಮೇಲೆ ಹರಿಹರಕ್ಕೆ ಯಾರನ್ನಾದರೂ ಓಡಿಸೋಣ ಎಂದು ಯಾರೂ ಅನ್ನಲಿಲ್ಲ. ಮಯ್ಯತ್ ಎತ್ತುವ ಮೊದಲು ಹೆಂಗಸರಿಗೆ ಕೊನೆಯ ಸಲ ಮುಖ ತೋರಿಸುತ್ತಾರಲ್ಲ, ಆಗ ಕೊಟ್ರವ್ವ ಬೀದಿಯ ತುದಿಗೆ ಹೋಗಿ ಬಸ್ಸು ಬರುವ ದಿಕ್ಕನ್ನು ನೋಡುತ್ತಾ ನಿಂತಳು. ಕೊಟ್ರವ್ವ ತಿರುಗಿ ಬರುವವರೆಗೆ ಕಾಯಲಿಲ್ಲ, ಎತ್ತಿದೆವು.

ನಿನ್ನೆ ಭಾನುವಾರ ಮೂರನೇ ದಿನದ ಜಿಯಾರತ್. ಹೆಂಗಸರು ಒಳಗೆ ಕೂತಿದ್ದರು, ನಾವು ಜಗಲಿಯ ಮೇಲೆ ಫಾತಿಹಾ ಮುಗಿಸಿ ಕೂತಿದ್ದೆವು. ಕೊಟ್ರವ್ವನ ಮನೆಯ ರೇಡಿಯೋ ಸುಮ್ಮನಿತ್ತು. ಭರಮಣ್ಣ ಅಂಗಡಿಯದನ್ನು ನಿಲ್ಲಿಸುವುದು ಮರೆತಿದ್ದ. ಇಡೀ ಬೀದಿ ಸದ್ದಿಲ್ಲದೆ ಇತ್ತು, ಬಿಲ್ಲು ಮೂಲೆಯಲ್ಲಿತ್ತು. ಒಂದೊಂದು ಹೆಸರೂ ಮಣಿ ಪೋಣಿಸಿದ ಹಾಗೆ ಸ್ಪಷ್ಟವಾಗಿ ಕೇಳಿಸಿತು. ಹರಿಹರದಿಂದ ದಿಲ್ಷಾದ್, ಹಿದಾಯತ್, ಅಖ್ತರ್ ಬಾನು. ದಾವಣಗೆರೆಯಿಂದ ಖತೀಜಾಬೀ, ಕೊಟ್ರವ್ವ, ಭರಮಣ್ಣ, ಶಕುಂತಲಮ್ಮ ಟೀಚರ್. ಆಮೇಲೆ ಆ ಹಾ ಹಾ ಶುರುವಾಯಿತು.

ನೀನು ಆ ಕಾರ್ಡನ್ನು ಯಾವತ್ತು ಬರೆದೆಯೋ, ಅವರು ನಿನ್ನೆ ಓದಿದರು. ಒಳಗೆ ನಿನ್ನ ಸೋದರತ್ತೆ ನೂರ್ಜಹಾನ್ ಎದೆ ಬಡಿದುಕೊಂಡು, "ತಾಯಿ ಮುಖ ನೋಡಾಕ ಬರ್ಲಿಲ್ಲ, ಹಾಡು ಹಾಕಿಸ್ತಾಳ, ಅಕಿ ಹೊಟ್ಟಿಗೆ ಬೆಂಕಿ ಬೀಳ್ಲಿ" ಎಂದು ಶಾಪ ಹಾಕಿದಳು. ಉಳಿದವರೂ ಸೇರಿಕೊಂಡರು. ನಾನು ಸುಮ್ಮನೆ ಕೂತಿದ್ದೆ. ಭರಮಣ್ಣ ಓಡಿಹೋಗಿ ರೇಡಿಯೋ ಆರಿಸಿ, ಅಂಗಡಿಯೊಳಗೇ ಕೂತು ಅತ್ತನಂತೆ. ಗಂಡಸು!

ಜನ ಹೋದ ಮೇಲೆ ಕೊಟ್ರವ್ವ ಬಂದು ನನ್ನ ಮುಂದೆ ನಿಂತಳು. "ಸಾಬ್ರ, ನೀವು ಹೇಳಿ ಕಳ್ಸಿದ್ದು ಖರೇ ಏನ್ರಿ?" ಎಂದಳು. ನಾನು ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದೆ, ಜೋಡಿಸಿದೆ. ಬುಧವಾರ ತಾನೇ ಹರಿಹರಕ್ಕೆ ಹೋಗುತ್ತೇನೆ ಎಂದು ಹೇಳಿ ಹೋದಳು. ಅವಳು ಕಣ್ಣು ಮೂಗು ಒರೆಸಿಕೊಂಡು ಹೇಳುವುದಕ್ಕಿಂತ ನಾನೇ ಬರೆಯುವುದು ಮೇಲು ಎಂದು ಇವತ್ತು ಕೂತಿದ್ದೇನೆ. ಇನ್ನು ಮುಂದೆ ಕಾರ್ಡಿನಲ್ಲಿ ಅವ್ವನ ಹೆಸರು ಬರೆಯಬೇಡ. ಸತ್ತವಳ ಹೆಸರಿನಲ್ಲಿ ತೋಟಕ್ಕೆ ಬಾ ಎಂಬ ಹಾಡು ಹಾಕಿಸಿದರೆ ಜನ ನಗುತ್ತಾರೆ.

ನೀನು ಈಗ ಓಡಿಬರಬೇಕಾಗಿಲ್ಲ. ನೋಡುವ ಮುಖ ಮಣ್ಣಿನಡಿ ಹೋಯಿತು, ನನ್ನ ಮಾತು ಹಾಗೇ ಇದೆ. ಕೂಸಿಗೆ ಚಳಿಗಾಲದಲ್ಲಿ ಎದೆಗೆ ಶೀತ ಬಡಿಯದಂತೆ ನೋಡಿಕೋ, ಅಜ್ಜಿಯ ದಮ್ಮು ಅದಕ್ಕೂ ಬಂದೀತು. ಅಲ್ಲಾಹನು ನಿನ್ನ ಮನೆ ತುಂಬಿಸಲಿ, ನಿನ್ನ ಕೂಸು ದೊಡ್ಡದಾಗಿ ನಿನ್ನ ಮಾತು ಕೇಳುವಂಥದಾಗಲಿ.

ನಿನ್ನ ಅಪ್ಪ
ಮಕ್ತುಮ್ ಸಾಬ್

ತಾ.ಕ.: ತಲೆ ಸಿಡಿಯುತ್ತದೆ ಎಂದು ಬರೆದದ್ದು ಸುಳ್ಳು. ಗಿರಾಕಿ ಹೇಳಿದ ಮರುವಾರ ನಾನೂ ಕೊಟ್ರವ್ವನ ಹಿತ್ತಲ ಗೋಡೆಗೆ ಕಿವಿ ಕೊಟ್ಟು ನಿಂತಿದ್ದೆ. ಅದರ ಮುಂದಿನ ವಾರವೂ ನಿಂತಿದ್ದೆ. ಅವ್ವನ ಹೆಸರು ಬಂತು, ಕೊಟ್ರವ್ವನದು ಬಂತು, ಬಡ್ಡಿಮಗ ಭರಮಣ್ಣನದೂ ಬಂತು, ನಿನಗೆ ಎರಡನೇ ಕ್ಲಾಸಿನಲ್ಲಿ ಕಲಿಸಿದ ಟೀಚರಿನದೂ ಬಂತು. ಕೊಟ್ರವ್ವನ ಎಮ್ಮೆಯದೊಂದು ಬಾಕಿ. ನನ್ನದು ಬರಲಿಲ್ಲ. ಆಮೇಲೆ ಬಿಲ್ಲು ಎತ್ತಿಕೊಂಡೆ. ನಿನ್ನೆಯೂ ಕಿವಿಗೊಟ್ಟು ಕೇಳಿದೆ, ನನ್ನ ಹೆಸರು ಇರಲಿಲ್ಲ. ಈಗ ಅವ್ವನ ಹೆಸರು ತೆಗೆದರೆ ಕಾರ್ಡಿನಲ್ಲಿ ಒಂದು ಹೆಸರಿನ ಜಾಗ ಖಾಲಿಯಾಗುತ್ತದೆ. ಭಾನುವಾರ ನಾನು ಹತ್ತಿ ಹಿಂಜುವುದಿಲ್ಲ.